ಮ್ಯಾಗ್ನೆಟ್ ಅಂಟಿದರೆ ಅದು ಪ್ಲಾಸ್ಟಿಕ್ ಅಲ್ಲ: ಕಾರ್ ಇನ್ಶೂರೆನ್ಸ್ ಲೆಕ್ಕದಲ್ಲಿ ತಪ್ಪು ಎಲ್ಲಿರುತ್ತದೆ?

“ನಿಮ್ಮ ಕಡೆಯಿಂದ 20,500 ಆಗುತ್ತೆ ಸಾರ್. ಮಿಕ್ಕಿದ್ದು ಇನ್ಶೂರೆನ್ಸ್‌ನವರು ಕೊಡ್ತಾರೆ.”

ವರ್ಕ್‌ಶಾಪಿನ ಹುಡುಗ ಇದನ್ನು ಒಳ್ಳೇ ಸುದ್ದಿಯ ಹಾಗೆ ಹೇಳಿದ. ಕುಣಿಗಲ್ ದಾಟಿದ ಮೇಲೆ ಕತ್ತಲಲ್ಲಿ ಎಮ್ಮೆಯೊಂದು ಅಡ್ಡ ಬಂದು ನನ್ನ ಕಾರಿನ ಮೂತಿ ಜಜ್ಜಿಹೋಗಿತ್ತು. ಎಮ್ಮೆ ಎದ್ದು ಮೈ ಕೊಡವಿಕೊಂಡು ನಡೆದುಹೋಯಿತು, ಕಾರು ಮಾತ್ರ ಟೋ ವಾಹನದ ಮೇಲೆ ಹೋಯಿತು. ಬಿಲ್ 52,000. ನನ್ನದು “ಫುಲ್ ಇನ್ಶೂರೆನ್ಸ್” ತಾನೇ, ಇಪ್ಪತ್ತು ಸಾವಿರ ಯಾಕೆ ಕೊಡಬೇಕು ಅಂತ ಕೇಳಿದೆ. “ಡಿಪ್ರಿಸಿಯೇಷನ್ ಸಾರ್, ಎಲ್ಲರಿಗೂ ಹಾಗೇನೇ” ಅಂದ.

ಎಲ್ಲರಿಗೂ ಹಾಗೇ ಇರಬಹುದು. ಆದರೆ ಅದಕ್ಕೊಂದು ಲೆಕ್ಕ ಇರಬೇಕಲ್ಲ? ಹಾನಿ ಎಷ್ಟು ಅಂತ ಅಳೆಯುವ ಸರ್ವೇಯರ್ ಮಾಡಿದ ಅಸೆಸ್‌ಮೆಂಟ್ ಹಾಳೆ ಕೊಡಿ ಅಂದೆ. ಕೊಡೋಕೆ ಎರಡು ದಿನ ಮಾಡಿದರು, ಕೊನೆಗೆ ಕೊಟ್ಟರು.

ಆ ಹಾಳೆಯನ್ನು ಇಲ್ಲಿ ಬಿಚ್ಚಿಡುತ್ತೇನೆ. ಜಿಎಸ್‌ಟಿ ಮತ್ತು ಚಿಲ್ಲರೆ ಬಿಟ್ಟು ದುಂಡು ಅಂಕಿ ಹೇಳುತ್ತೇನೆ. ಬಂಪರ್ 8,000. ಬಾನೆಟ್ ಮತ್ತು ಎಡಗಡೆ ಫೆಂಡರ್ 12,000. ಹೆಡ್‌ಲೈಟ್ 9,000. ಮುಂದಿನ ಗಾಜು 7,000. ಪೇಂಟಿಂಗ್ 10,000. ಕೂಲಿ 6,000.

ಇನ್ಶೂರೆನ್ಸ್ ಭಾಷೆಯಲ್ಲಿ ಡಿಪ್ರಿಸಿಯೇಷನ್ ಅಂದರೆ ಸವಕಳಿ. ಹಳೆ ಬಂಪರ್ ತೆಗೆದು ಹೊಸದು ಹಾಕಿದರೆ ನಿಮಗೆ ಲಾಭ ಆಯಿತಲ್ಲ, ಆ ಲಾಭವನ್ನು ಮುರಿದುಕೊಳ್ಳುತ್ತೇವೆ ಅನ್ನುವುದು ಕಂಪನಿಯ ವಾದ. ಎಷ್ಟು ಮುರಿಯಬೇಕು ಅನ್ನುವುದು 2002ರ ಮೋಟಾರ್ ಟ್ಯಾರಿಫ್ ಅನ್ನುವ ವಾಹನ ವಿಮೆಯ ನಿಯಮಾವಳಿಯಿಂದ ಬಂದ ಪಟ್ಟಿ, ಈಗಲೂ ಸಾಮಾನ್ಯವಾಗಿ ಪಾಲಿಸಿಗಳಲ್ಲಿ ಅದೇ ನಡೆದುಕೊಂಡು ಬಂದಿದೆ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ. 50. ಫೈಬರ್ ಗ್ಲಾಸ್‌ಗೆ ಶೇ. 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಗಳಿಗೆ ಮಾತ್ರ ಕಾರಿನ ವಯಸ್ಸಿನ ಮೇಲೆ ಲೆಕ್ಕ: ಮೊದಲ ಆರು ತಿಂಗಳು ಸೊನ್ನೆ, ಒಂದು ವರ್ಷದವರೆಗೆ ಶೇ. 5, ಆಮೇಲೆ ವರ್ಷ ವರ್ಷಕ್ಕೆ 10, 15, 25, 35. ಐದರಿಂದ ಹತ್ತು ವರ್ಷದ ಕಾರಿಗೆ 40, ಅದಕ್ಕಿಂತ ಹಳೆಯದಕ್ಕೆ 50. ನನ್ನ ಕಾರಿಗೆ ನಾಲ್ಕು ವರ್ಷ ಮೂರು ತಿಂಗಳು. ಅಂದರೆ ಲೋಹಕ್ಕೆ ಶೇ. 35 ಮುರಿಯಬೇಕು. ಹೆಡ್‌ಲೈಟ್ ಪ್ಲಾಸ್ಟಿಕ್ ಲೆಕ್ಕಕ್ಕೇ, ಶೇ. 50.

ಹಾಳೆಯಲ್ಲಿ ಬಾನೆಟ್ಟೂ ಫೆಂಡರ್ರೂ ಬಂಪರ್ ಜೊತೆಗೆ ಪ್ಲಾಸ್ಟಿಕ್ ಕಾಲಮ್ಮಿನಲ್ಲಿ ಕೂತಿದ್ದವು. 7,800 ಬರಬೇಕಾದ ಕಡೆ 6,000. ನಾನು ಫ್ರಿಜ್ ಬಾಗಿಲಿನ ಮೇಲಿದ್ದ ಮ್ಯಾಗ್ನೆಟ್ ಒಂದನ್ನು ಜೇಬಿಗೆ ಹಾಕಿಕೊಂಡು ವರ್ಕ್‌ಶಾಪಿಗೆ ಹೋದೆ. ಬಿಚ್ಚಿಟ್ಟಿದ್ದ ಹಳೆ ಫೆಂಡರ್ ಮೂಲೆಯಲ್ಲಿ ಬಿದ್ದಿತ್ತು. ಅದಕ್ಕೆ ಮ್ಯಾಗ್ನೆಟ್ ಅಂಟಿಸಿ ಫೋಟೊ ತೆಗೆದು ಸರ್ವೇಯರ್‌ಗೆ ಕಳಿಸಿದೆ.

ಇನ್ನೊಂದು ತಪ್ಪು ಪೇಂಟಿನಲ್ಲಿ. ಇದು ತುಂಬ ಸಾಮಾನ್ಯ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಪೇಂಟಿಂಗ್‌ಗೆ ಶೇ. 50 ಸವಕಳಿ ಇದೆ ನಿಜ. ಆದರೆ ಅದು ಬಣ್ಣದ ಸಾಮಾನಿಗೆ ಮಾತ್ರ, ಬಣ್ಣ ಹೊಡೆಯುವ ಕೂಲಿಗೆ ಅಲ್ಲ. ಬಿಲ್ಲಿನಲ್ಲಿ ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದಿದ್ದರೆ, ಅದರಲ್ಲಿ ಶೇ. 25 ಸಾಮಾನು ಅಂತ ಹಿಡಿಯಬೇಕು. 10,000ಕ್ಕೆ ಸಾಮಾನು 2,500, ಅದರ ಅರ್ಧ 1,250 ಕಡಿತ. ನನ್ನ ಹಾಳೆಯಲ್ಲಿ ಪೂರ್ತಿ ಹತ್ತು ಸಾವಿರದ ಅರ್ಧ, 5,000 ಕತ್ತರಿಸಿದ್ದರು. ಅಲ್ಲೇ 3,750 ಹೋಯಿತು.

ಕ್ಲೇಮ್ ಮಾಡಿದಾಗ ನಾವೇ ಕೊಡಬೇಕಾದ ಕಡ್ಡಾಯ ಕಡಿತ 1,000 ಸೇರಿಸಿದ ಮೇಲೆ (1500 ಸಿಸಿ ಮೀರಿದ ಕಾರಿಗೆ 2,000) ನಾನು ನಿಜವಾಗಿ ಕೊಡಬೇಕಿದ್ದದ್ದು 14,950. ಕೇಳಿದ್ದು 20,500. ಇದರಲ್ಲಿ ಯಾರಾದರೂ ಮೋಸ ಮಾಡಿದ್ದಾರೆ ಅಂತ ನನಗೆ ಅನಿಸಲಿಲ್ಲ. ದಿನಕ್ಕೆ ಹತ್ತಾರು ಕಾರು ನೋಡುವವರು, ಸಾಫ್ಟ್‌ವೇರ್‌ನಲ್ಲಿ ಒಂದು ಕಾಲಮ್ ಆಚೀಚೆ ಆಯಿತು. ಆದರೆ ಕೇಳದೇ ಇದ್ದಿದ್ದರೆ ಅದು ಹಾಗೇ ಉಳಿಯುತ್ತಿತ್ತು. ನಾನು ಇಮೇಲ್‌ನಲ್ಲಿ ಬರೆದದ್ದು ಎರಡೇ ಸಾಲು: ಬಾನೆಟ್, ಫೆಂಡರ್‌ಗೆ ಶೇ. 50 ಯಾವ ಷರತ್ತಿನ ಪ್ರಕಾರ? ಪೇಂಟ್ ಕೂಲಿಗೆ ಸವಕಳಿ ಪಾಲಿಸಿಯ ಯಾವ ಪುಟದಲ್ಲಿದೆ? ನಾಲ್ಕನೇ ದಿನ ತಿದ್ದಿದ ಹಾಳೆ ಬಂತು. ಕ್ಷಮೆಯೂ ಇಲ್ಲ, ವಿವರಣೆಯೂ ಇಲ್ಲ, ಮೊತ್ತ ಮಾತ್ರ ಸರಿಯಾಗಿತ್ತು.

ಅವತ್ತಿನಿಂದ ಈ ವಿಷಯದಲ್ಲಿ ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ. ಫೋನಿನಲ್ಲಿ ಕೂಗಾಡಬೇಡಿ. ಯಾವ ಷರತ್ತು, ಯಾವ ಪುಟ ಅಂತ ಬರವಣಿಗೆಯಲ್ಲಿ ಕೇಳಿ. ಇದು ಬರೀ ಉಪಾಯವಲ್ಲ, ಇದರ ಹಿಂದೆ ಕಾನೂನಿನ ಬಲ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚೆ, ಕ್ಲೇಮ್ ಹೊತ್ತಿನಲ್ಲಿ ಬಯಲಾಗುವ ತಪ್ಪುಗಳಲ್ಲಿ ಎಷ್ಟೋ ಪಾಲಿಸಿ ಮಾಡಿಸಿದ ದಿನವೇ ಹುಟ್ಟಿರುತ್ತವೆ. ಶೆಡ್ಯೂಲ್ ಅಂತ ಮೊದಲ ಪುಟ ಇರುತ್ತದಲ್ಲ, ಅದನ್ನು ಆರ್‌ಸಿ ಪಕ್ಕ ಇಟ್ಟು ಓದುವವರು ಎಷ್ಟು ಜನ? ಚಾಸಿ ನಂಬರಿನಲ್ಲಿ ‘ಬಿ’ ಇರುವ ಕಡೆ 8, ತಯಾರಾದ ವರ್ಷ ತಪ್ಪು, ಲೋನ್ ತೀರಿದ್ದರೂ ಬ್ಯಾಂಕಿನ ಹೆಸರು, ಹಾಕಿಸಿದ ಸಿಎನ್‌ಜಿ ಕಿಟ್ ನಮೂದಾಗದೇ ಇರುವುದು. ಇವೆಲ್ಲ ಎಂಡಾರ್ಸ್‌ಮೆಂಟ್ ಅನ್ನುವ ಒಂದು ತಿದ್ದುಪಡಿ ಹಾಳೆಯಿಂದ ಸರಿಹೋಗುತ್ತವೆ. ಆದರೆ ಅಪಘಾತ ಆದ ಮೇಲೆ ಅದೇ ತಿದ್ದುಪಡಿ ಕೇಳಿದರೆ ಎದುರಿಗಿರುವವನ ಹುಬ್ಬು ಮೇಲೇರುತ್ತದೆ.

ಆನ್‌ಲೈನ್‌ನಲ್ಲಿ ಕೊಂಡವರು ಇನ್ನೆರಡು ಜಾಗ ನೋಡಬೇಕು. ಒಂದು ವಾಲಂಟರಿ ಡಿಡಕ್ಟಿಬಲ್. ಕಡ್ಡಾಯ ಸಾವಿರದ ಮೇಲೆ ಇನ್ನಷ್ಟು ನಾನೇ ಕೊಡುತ್ತೇನೆ ಅಂತ ನೀವು ಒಪ್ಪಿಕೊಳ್ಳುವ ಮೊತ್ತ ಅದು. ಪ್ರೀಮಿಯಂ ಅಗ್ಗವಾಗಿ ಕಂಡರೆ ಕೆಲವು ಸಲ ಕಾರಣ ಇದೇ. ಇನ್ನೊಂದು ಐಡಿವಿ, ಅಂದರೆ ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ. ರಿಪೇರಿ ಖರ್ಚು ಐಡಿವಿಯ ಶೇ. 75 ದಾಟಿದರೆ ಅದನ್ನು ಟೋಟಲ್ ಲಾಸ್ ಅಂತ ಲೆಕ್ಕ ಹಾಕುವುದು ರೂಢಿ. ಐಡಿವಿ ಇಳಿಸಿ ಆರುನೂರು ರೂಪಾಯಿ ಉಳಿಸಿದವರಿಗೆ ಅದು ಅವತ್ತು ಗೊತ್ತಾಗುತ್ತದೆ.

ಎನ್‌ಸಿಬಿ ಮಾತ್ರ ಬೇರೆಯದೇ ಕಥೆ. ನೋ ಕ್ಲೇಮ್ ಬೋನಸ್. ಒಂದು ವರ್ಷ ಕ್ಲೇಮ್ ಮಾಡದಿದ್ದರೆ ಮರುವರ್ಷ ಸ್ವಂತ ಹಾನಿಯ (ಅಂದರೆ ನಮ್ಮ ಕಾರಿಗೇ ಆಗುವ ಹಾನಿಯ) ಪ್ರೀಮಿಯಂನಲ್ಲಿ ಶೇ. 20 ರಿಯಾಯಿತಿ, ಆಮೇಲೆ 25, 35, 45, ಕೊನೆಗೆ 50. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಮತ್ತೆ ಸೊನ್ನೆಯಿಂದ. ಪಾಲಿಸಿ ಮುಗಿದು 90 ದಿನ ನವೀಕರಿಸದಿದ್ದರೂ ಸೊನ್ನೆ. ಈಗ ಏನಾಗುತ್ತದೆ ನೋಡಿ. ಹೋದ ವರ್ಷ ನೀವು ಸೈಡ್ ಮಿರರ್‌ಗೆ ಸಣ್ಣ ಕ್ಲೇಮ್ ಮಾಡಿದ್ದೀರಿ, ಮರೆತೂ ಬಿಟ್ಟಿದ್ದೀರಿ. ಈ ವರ್ಷ ಬೇರೆ ಕಂಪನಿಗೆ ಹೋದಾಗ ಏಜೆಂಟ್ “ಕ್ಲೇಮ್ ಏನೂ ಇಲ್ವಲ್ಲ ಸಾರ್” ಅಂತ ತಾನೇ ಕೇಳಿ ತಾನೇ ಟಿಕ್ ಹಾಕುತ್ತಾನೆ. ಹತ್ತು ಸಾವಿರದ ಪ್ರೀಮಿಯಂಗೆ ಶೇ. 35 ಅಂದರೆ 3,500 ಉಳಿಯಿತು. ಆರು ತಿಂಗಳಾದ ಮೇಲೆ ಎರಡು ಲಕ್ಷದ ಅಪಘಾತ. ಹೊಸ ಕಂಪನಿ ಹಳೇ ಕಂಪನಿಗೆ ಪತ್ರ ಬರೆಯುತ್ತದೆ, ಉತ್ತರ ಬರುತ್ತದೆ, ಕ್ಲೇಮ್ ತಿರಸ್ಕಾರವಾಗುತ್ತದೆ. ಕಾರಣ: ಸುಳ್ಳು ಮಾಹಿತಿ.

ತಪ್ಪು ಯಾರದು? ಸಹಿ ಹಾಕಿದವರದು ಅನ್ನುತ್ತದೆ ಕಂಪನಿ. ಅದು ಪೂರ್ತಿ ಸುಳ್ಳಲ್ಲ. ಆದರೆ ಹಳೇ ಟ್ಯಾರಿಫ್ ನಿಯಮದಲ್ಲಿ ಕಂಪನಿಗೂ ಒಂದು ಕೆಲಸ ಹೇಳಿತ್ತು. ಗ್ರಾಹಕನ ಮಾತಿನ ಮೇಲೆ ಎನ್‌ಸಿಬಿ ಕೊಟ್ಟರೆ, ಕೊಟ್ಟ 21 ದಿನದೊಳಗೆ ಹಳೇ ಕಂಪನಿಗೆ ಬರೆದು ಖಚಿತ ಮಾಡಿಕೊಳ್ಳಬೇಕು. ಹಳೇ ಕಂಪನಿ 30 ದಿನದಲ್ಲಿ ಉತ್ತರ ಕೊಡಬೇಕು. ಆರು ತಿಂಗಳು ಸುಮ್ಮನಿದ್ದು, ಪ್ರೀಮಿಯಂ ಜೇಬಿಗೆ ಹಾಕಿಕೊಂಡು, ಕ್ಲೇಮ್ ಬಂದ ದಿನ ಮಾತ್ರ ಪತ್ರ ಬರೆಯುವುದು ಸರಿಯಾ ಅನ್ನುವ ಪ್ರಶ್ನೆ ಗ್ರಾಹಕ ಆಯೋಗಗಳ ಮುಂದೆ ಮತ್ತೆ ಮತ್ತೆ ಬಂದಿದೆ. ತೀರ್ಪುಗಳು ಎರಡೂ ಕಡೆಗೆ ಹೋಗಿವೆ. ಆದ್ದರಿಂದ ಇದನ್ನು ನಂಬಿಕೊಂಡು ಕೂರಬೇಡಿ. ತಪ್ಪು ಎನ್‌ಸಿಬಿ ಕಣ್ಣಿಗೆ ಬಿದ್ದ ದಿನವೇ ಕಂಪನಿಗೆ ಬರೆದು, ವ್ಯತ್ಯಾಸದ ಹಣ ಕಟ್ಟಿ, ಎಂಡಾರ್ಸ್‌ಮೆಂಟ್ ತೆಗೆದುಕೊಳ್ಳಿ.

ಉಲ್ಟಾ ತಪ್ಪೂ ಆಗುತ್ತದೆ. ಎನ್‌ಸಿಬಿ ಸೇರಿದ್ದು ಕಾರಿಗಲ್ಲ, ಮಾಲೀಕನಿಗೆ. ಕಾರು ಮಾರಿದವರು ಹಳೇ ಕಂಪನಿಯಿಂದ ಒಂದು ಪತ್ರ ತೆಗೆದುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಹೊಸ ಕಾರಿಗೆ ಅದೇ ರಿಯಾಯಿತಿ ಸಿಗುತ್ತದೆ. ಇದನ್ನು ಶೋರೂಮಿನವರು ತಾವಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಇನ್ನೊಂದು ಗುಂಡಿ ಇದೆ. ಆರ್‌ಸಿ ಹೆಸರು ಬದಲಾದರೆ ಥರ್ಡ್ ಪಾರ್ಟಿ ಭಾಗ (ಬೇರೆಯವರಿಗೆ ಆದ ಹಾನಿಗೆ ಇರುವುದು) ಕಾನೂನಿನ ಪ್ರಕಾರ ತಾನಾಗೇ ಹೊಸಬರಿಗೆ ಬರುತ್ತದೆ. ಸ್ವಂತ ಹಾನಿಯ ಭಾಗ ಬರುವುದಿಲ್ಲ. ಅದಕ್ಕೆ 14 ದಿನದೊಳಗೆ ಅರ್ಜಿ ಕೊಡಬೇಕು. ದಾವಣಗೆರೆಯಲ್ಲಿರುವ ನಮ್ಮ ಭಾವ ಕಾರಿನ ಹೊಸ ಆರ್‌ಸಿಯನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು, ಪಾಲಿಸಿ ಮಾತ್ರ ಏಳು ತಿಂಗಳು ಹಳೇ ಮಾಲೀಕನ ಹೆಸರಲ್ಲೇ ಇತ್ತು. ದೇವರು ದೊಡ್ಡವನು, ಏನೂ ಆಗಲಿಲ್ಲ.

ಇಷ್ಟೂ ಅಂಕಿ ಅಕ್ಷರದ ತಪ್ಪುಗಳಾದವು. ಮಾತಿನ ಮಂಜು ಇನ್ನೊಂದು ಬಗೆ.

“ಬಂಪರ್ ಟು ಬಂಪರ್” ಅನ್ನುವುದನ್ನೇ ತೆಗೆದುಕೊಳ್ಳಿ. ಶೋರೂಮಿನಲ್ಲಿ ಈ ಮಾತು ಕೇಳಿದರೆ ಮುಂದಿನ ಬಂಪರಿನಿಂದ ಹಿಂದಿನ ಬಂಪರ್ ತನಕ ಎಲ್ಲಾ ಅವರದೇ ಖರ್ಚು ಅಂತ ಯಾರಿಗಾದರೂ ಅನಿಸುತ್ತದೆ. ಪಾಲಿಸಿಯಲ್ಲಿ ಅದರ ಹೆಸರು ಜೀರೊ ಡೆಪ್, ಅಂದರೆ ಸವಕಳಿ ಮುರಿಯುವುದಿಲ್ಲ ಅಂತ ಮಾತ್ರ. ಎಂಜಿನ್ ಆಯಿಲ್, ನಟ್ಟು ಬೋಲ್ಟು, ಕೂಲಂಟ್‌ಗೆ ಬೇರೆ ಕವರ್. ಎಂಜಿನ್ನಿಗೆ ನೀರು ಹೊಕ್ಕರೆ ಬೇರೆ ಕವರ್. ವರ್ಷಕ್ಕೆ ಎರಡೇ ಕ್ಲೇಮ್ ಅನ್ನುವ ಮಿತಿ ಕೆಲವು ಕಡೆ. ಟೈರು, ಬ್ಯಾಟರಿ ಸೇರುತ್ತವೋ ಇಲ್ಲವೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಈ ಮಾತು ಎಷ್ಟು ಜಾರುತ್ತದೆ ಅಂದರೆ, 2021ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಹೊಸ ವಾಹನಗಳಿಗೆ ಐದು ವರ್ಷ “ಬಂಪರ್ ಟು ಬಂಪರ್” ಇನ್ಶೂರೆನ್ಸ್ ಕಡ್ಡಾಯ ಅಂತ ಆದೇಶ ಮಾಡಿತ್ತು. ಆ ಆದೇಶದ ಕಾಳಜಿ ಇದ್ದದ್ದು ಚಾಲಕ, ಪ್ರಯಾಣಿಕರು, ಮಾಲೀಕರ ರಕ್ಷಣೆಯ ಬಗ್ಗೆ. ಮಾರುಕಟ್ಟೆಯಲ್ಲಿ ಅದರ ಅರ್ಥ ಸವಕಳಿ ಇಲ್ಲದ ರಿಪೇರಿ. ಮರುತಿಂಗಳೇ ಆದೇಶ ವಾಪಸ್ ಹೋಯಿತು. ಹೈಕೋರ್ಟಿಗೇ ತೊಡಕಾದ ಮಾತು ನಮಗೆ ಸಲೀಸಾಗಿ ಅರ್ಥವಾಗಬೇಕು ಅಂದರೆ ಹೇಗೆ?

2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಹೊರ ವರ್ತುಲ ರಸ್ತೆ, ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ಇನ್ನೊಂದು ಮಾತು ಎಲ್ಲರ ಬಾಯಲ್ಲೂ ಬಂತು, ಹೈಡ್ರೋಸ್ಟ್ಯಾಟಿಕ್ ಲಾಕ್. ಸಾಮಾನ್ಯ ಪಾಲಿಸಿಯಲ್ಲಿ ಪ್ರವಾಹಕ್ಕೆ ರಕ್ಷಣೆ ಇದೆ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಹಾಗಿದ್ದರೂ ಎಂಜಿನ್ನಿಗೆ ದುಡ್ಡು ಯಾಕೆ ಬರುವುದಿಲ್ಲ? ನಿಂತ ಕಾರಿಗೆ ನೀರು ತುಂಬಿ ಸೀಟು, ವೈರಿಂಗ್ ಹಾಳಾದರೆ ಅದು ಪ್ರವಾಹದ ಹಾನಿ. ಆದರೆ ನೀರಲ್ಲಿ ನಿಂತ ಕಾರನ್ನು “ಸ್ಟಾರ್ಟ್ ಆಗುತ್ತಾ ನೋಡೋಣ” ಅಂತ ಒಮ್ಮೆ ಕೀ ತಿರುಗಿಸಿದರೆ ಸಿಲಿಂಡರಿನೊಳಗೆ ನೀರು ಹೋಗುತ್ತದೆ. ಗಾಳಿಯ ಹಾಗೆ ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೈಡ್ರೋಸ್ಟ್ಯಾಟಿಕ್ ಲಾಕ್ ಅಂದರೆ ಇದೇ. ಇದು ಪ್ರವಾಹದಿಂದ ಆದದ್ದಲ್ಲ, ನೀವು ಸ್ಟಾರ್ಟ್ ಮಾಡಿದ್ದರಿಂದ ಆದದ್ದು, ಅಂದರೆ ಕಾನ್ಸಿಕ್ವೆನ್ಶಿಯಲ್ ಲಾಸ್ (ಪರಿಣಾಮವಾಗಿ ಆದ ನಷ್ಟ) ಅನ್ನುತ್ತದೆ ಕಂಪನಿ. ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಆ ಎರಡು ಪದ ಇವೆ. ಎಂಜಿನ್, ನೀರು ಅನ್ನುವ ಮಾತೇ ಅಲ್ಲಿಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನುವ ಬೇರೆ ಕವರ್ ಮಾರುವುದು ಇದಕ್ಕೇ. ಅದು ಇದ್ದರೂ ಇಲ್ಲದಿದ್ದರೂ ಮಾಡಬೇಕಾದ್ದು ಒಂದೇ: ಕೀ ಮುಟ್ಟಬೇಡಿ, ನೀರಿನ ಗೆರೆ ಎಲ್ಲಿವರೆಗೆ ಬಂದಿದೆ ಅನ್ನುವ ಫೋಟೊ ತೆಗೆಯಿರಿ, ಕಂಪನಿಗೆ ಹೇಳಿ ಟೋ ಮಾಡಿಸಿ.

ಮಂಜು ಕೆಲವು ಸಲ ಕಂಪನಿಯ ಕಡೆಯಿಂದಲ್ಲ, ನಮ್ಮ ಮೊಬೈಲಿನಿಂದಲೂ ಬರುತ್ತದೆ. 2025ರ ಆಗಸ್ಟ್‌ನಲ್ಲಿ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್ ಹಾಕಿದರೆ ಇನ್ಶೂರೆನ್ಸ್ ರದ್ದು ಅನ್ನುವ ಸುದ್ದಿ ಎಲ್ಲ ಕಡೆ ಓಡಾಡಿತು. ಇ20ಯಿಂದ ವಿಮೆಯ ಮಾನ್ಯತೆಗೆ ಏನೂ ಆಗುವುದಿಲ್ಲ ಅಂತ ಪೆಟ್ರೋಲಿಯಂ ಸಚಿವಾಲಯವೇ ಹೇಳಬೇಕಾಯಿತು. ಹಾಗಂತ ಇಂಧನದಿಂದ ಎಂಜಿನ್ ಸವೆದರೆ ದುಡ್ಡು ಕೊಡುತ್ತಾರೆ ಅಂತಲೂ ಅಲ್ಲ. ಸವೆತಕ್ಕೆ ಮೊದಲಿನಿಂದಲೂ ಮೋಟಾರ್ ಪಾಲಿಸಿಯಲ್ಲಿ ಜಾಗ ಇಲ್ಲ.

ಈಗ ಕಾನೂನಿಗೆ ಬರೋಣ. ಪಾಲಿಸಿ ಬರೆಯುವುದು ಕಂಪನಿ, ನಾವು ಬರೀ ಸಹಿ ಹಾಕುವವರು. ಹಾಗಾಗಿ ಒಂದು ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ ಬರೆದವರ ವಿರುದ್ಧದ ಅರ್ಥವನ್ನು ಹಿಡಿಯಬೇಕು ಅನ್ನುವ ತತ್ವವನ್ನು ಸುಪ್ರೀಂ ಕೋರ್ಟ್ 1966ರ ಚಾಂದ್‌ಮಲ್ ಜೈನ್ ಪ್ರಕರಣದಲ್ಲೇ ಹೇಳಿದೆ. 2019ರ ಭಾರತ್ ವಾಚ್ ಕಂಪನಿ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ: ಗ್ರಾಹಕನಿಗೆ ತಲುಪಿಸದೇ ಇದ್ದ ಹೊರಗಿಡುವ ಷರತ್ತನ್ನು ಅವನ ಮೇಲೆ ಹೇರುವಂತಿಲ್ಲ. ಬರೀ ಎರಡು ಪುಟದ ಶೆಡ್ಯೂಲ್ ಪಿಡಿಎಫ್ ಕಳಿಸಿ, ಪೂರ್ತಿ ಷರತ್ತುಗಳಿಗೆ ವೆಬ್‌ಸೈಟ್ ನೋಡಿ ಅನ್ನುವ ಈ ಕಾಲದಲ್ಲಿ ಇದು ತುಂಬ ಬೆಲೆಯುಳ್ಳ ಮಾತು.

ಆದರೆ ಇದನ್ನು ಬ್ರಹ್ಮಾಸ್ತ್ರ ಅಂದುಕೊಳ್ಳಬೇಡಿ. ಪದ ಸ್ಪಷ್ಟವಾಗಿದ್ದರೆ ಕೋರ್ಟು ಗ್ರಾಹಕನ ಮೇಲೆ ಕನಿಕರಪಟ್ಟು ಅದನ್ನು ತಿದ್ದಿ ಬರೆಯುವುದಿಲ್ಲ. 2010ರ ಸೂರಜ್ ಮಲ್ ಪ್ರಕರಣದಲ್ಲಿ ಅದನ್ನೂ ಅಷ್ಟೇ ಬಿಗಿಯಾಗಿ ಹೇಳಿದೆ. “ನನಗೆ ಗೊತ್ತಿರಲಿಲ್ಲ” ಬೇರೆ, “ಇದಕ್ಕೆ ಎರಡು ಅರ್ಥ ಬರುತ್ತದೆ” ಬೇರೆ.

ನಾನು ಆಗ ಹೇಳಿದ ಬರವಣಿಗೆಯ ಬಲ ಇಲ್ಲಿದೆ. ಕ್ಲೇಮ್ ತಿರಸ್ಕರಿಸುವ ಪತ್ರದಲ್ಲಿ ಕಂಪನಿ ಏನು ಕಾರಣ ಕೊಡುತ್ತದೋ ಅದಕ್ಕೇ ಅದು ಅಂಟಿಕೊಳ್ಳಬೇಕು. ತಡವಾಗಿ ತಿಳಿಸಿದಿರಿ ಅನ್ನುವ ತಕರಾರನ್ನು ಪತ್ರದಲ್ಲಿ ಎತ್ತದೆ ಆಮೇಲೆ ಆಯೋಗದ ಮುಂದೆ ಹೊಸದಾಗಿ ತೆಗೆದರೆ ನಡೆಯುವುದಿಲ್ಲ ಅಂತ 2016ರ ಗಲಾಡಾ ಪವರ್, 2019ರ ಸೌರಾಷ್ಟ್ರ ಕೆಮಿಕಲ್ಸ್ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಫೋನಿನಲ್ಲಿ “ಆಗಲ್ಲ ಸಾರ್, ಸಿಸ್ಟಂ ತಗೋತಿಲ್ಲ” ಅಂದರೆ ಅದಕ್ಕೆ ಬೆಲೆ ಇಲ್ಲ. ಕಾಗದದ ಮೇಲೆ ಬಂದರೆ ಅವರ ಕೈ ಅವರೇ ಕಟ್ಟಿಕೊಂಡ ಹಾಗೆ. ನೀವು ಗಮನಿಸಿರಬಹುದು: ಪಾಲಿಸಿ ಮಾರುವ ಫೋನು ಚೊಕ್ಕ ಕನ್ನಡದಲ್ಲಿ ಬರುತ್ತದೆ. ಕ್ಲೇಮ್ ಇಲ್ಲ ಅನ್ನುವ ಪತ್ರ ಇಂಗ್ಲಿಷಿನಲ್ಲೇ ಬರುತ್ತದೆ.

ತಡವಾಯಿತು ಅನ್ನುವ ಕಾರಣವೂ ಎಲ್ಲಾ ಕಡೆ ನಿಲ್ಲುವುದಿಲ್ಲ. ಕಾರು ಕಳುವಾದ ಕೂಡಲೇ ಪೊಲೀಸರಿಗೆ ದೂರು ಕೊಟ್ಟಿದ್ದು, ಕಂಪನಿಗೆ ಹೇಳುವುದು ಮಾತ್ರ ತಡವಾಗಿದ್ದರೆ ಅದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಅಂತ 2020ರ ಗುರ್ಶಿಂದರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಷರತ್ತು ಮುರಿದಿದ್ದರೂ ಅಪಘಾತಕ್ಕೂ ಅದಕ್ಕೂ ಮೂಲ ಸಂಬಂಧ ಇಲ್ಲದ ಕಡೆ ಶೇ. 75ರವರೆಗೆ ಕೊಡುವ ದಾರಿಯೂ ಇದೆ. ಅದನ್ನು “ನಾನ್ ಸ್ಟ್ಯಾಂಡರ್ಡ್” ಇತ್ಯರ್ಥ ಅನ್ನುತ್ತಾರೆ. ಪೂರ್ತಿ ಇಲ್ಲ ಅಂದರೆ ಈ ಪದ ಬಳಸಿ ಕೇಳಿ ನೋಡಿ.

ಸರ್ವೇಯರ್ ಬಗ್ಗೆ ಒಂದು ಮಾತು. 50,000 ಮುಟ್ಟಿದ ಮೋಟಾರ್ ಕ್ಲೇಮಿಗೆ ಲೈಸೆನ್ಸ್ ಇರುವ ಸರ್ವೇಯರ್ ಬೇಕು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐನ 2024ರ ಸುತ್ತೋಲೆಗಳ ಪ್ರಕಾರ 24 ಗಂಟೆಯಲ್ಲಿ ಸರ್ವೇಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ ಬರಬೇಕು, ವರದಿ ಬಂದ 7 ದಿನದಲ್ಲಿ ಕಂಪನಿ ತೀರ್ಮಾನ ಹೇಳಬೇಕು. ಅವರ ವರದಿಗೆ ತೂಕ ಇದೆ, ಆದರೆ ಅದೇ ಕೊನೆಯ ಮಾತಲ್ಲ ಅನ್ನುವುದು 2009ರ ಪ್ರದೀಪ್ ಕುಮಾರ್ ಪ್ರಕರಣದಿಂದ ಸ್ಪಷ್ಟ. ದುಡ್ಡು ಬಿಡುಗಡೆಗೆ ಮುಂಚೆ “ಪೂರ್ತಿ ಮತ್ತು ಅಂತಿಮ” ಅನ್ನುವ ವೋಚರ್ ಮುಂದಿಟ್ಟರೆ, ಒಪ್ಪಿಗೆ ಇಲ್ಲದಿದ್ದರೆ ಆಕ್ಷೇಪವನ್ನು ಅವತ್ತೇ ಇಮೇಲ್‌ನಲ್ಲಿ ದಾಖಲಿಸಿ. ಸಹಿ ಹಾಕಿದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಆದರೆ ಒತ್ತಡದಲ್ಲಿ ಸಹಿ ಹಾಕಿದೆ ಅಂತ ಆಮೇಲೆ ನೀವೇ ತೋರಿಸಬೇಕಾಗುತ್ತದೆ.

ಎಲ್ಲಿಗೆ ದೂರು? ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ. ಜೊತೆಗೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಅಥವಾ 155255. ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಬಂದ ಉತ್ತರ ಸರಿಯಿಲ್ಲ ಅಂದರೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ್ ಸೌಧದಲ್ಲಿದೆ. ಫೀಸು ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ವ್ಯಾಜ್ಯ ನೋಡುತ್ತಾರೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ನಿಮ್ಮನ್ನಲ್ಲ. ಒಪ್ಪಿಗೆಯಾಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಅಲ್ಲಿ ಎರಡು ವರ್ಷದ ಗಡುವು. ಆದರೆ ಆಯೋಗದಲ್ಲಿ ಕೇಸು ನಡೆಯುತ್ತಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ಮುಟ್ಟುವುದಿಲ್ಲ, ಹಾಗಾಗಿ ಮೊದಲು ಜೆ.ಪಿ. ನಗರ, ಆಮೇಲೆ ಆಯೋಗ ಅನ್ನುವ ಕ್ರಮ ಒಳ್ಳೆಯದು. ಒಂಬುಡ್ಸ್‌ಮನ್‌ಗೆ ಒಂದು ವರ್ಷದ ಗಡುವು. ಅದು ಎಣಿಕೆಗೆ ಬರುವುದು ಅಪಘಾತದ ದಿನದಿಂದಲ್ಲ, ಕಂಪನಿಯ ತಿರಸ್ಕಾರದ ಉತ್ತರ ನಿಮ್ಮ ಕೈಸೇರಿದ ದಿನದಿಂದ. ಆ ಇಮೇಲನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ. ಅಂಚೆಯಲ್ಲಿ ಬಂದಿದ್ದರೆ ತಾರೀಖಿನ ಮುದ್ರೆ ಇರುವ ಕವರನ್ನೂ ಎತ್ತಿಡಿ.